ಮೂರು ವೋಲ್ಟಿನ ಗಂಟೆಗೆ ಹನ್ನೆರಡು ವೋಲ್ಟಿನ ಬೆಳಕು

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಮನೆಯ ಬಾಗಿಲ ಗಂಟೆ ದಿನಕ್ಕೆ ಏನಿಲ್ಲವೆಂದರೂ ಹತ್ತು ಸಲ ಬಾರಿಸುತ್ತದೆ. ಹಾಲಿನವನು, ಕಸದವನು, ಕೊರಿಯರ್ ಹುಡುಗರು, ಎದುರು ಮನೆಯ ಕಾಕೂ, ಸೊಸೈಟಿಯ ವಾಚ್‌ಮನ್, ಹೀಗೆ ಯಾರಾದರೊಬ್ಬರು ಬರುತ್ತಲೇ ಇರುತ್ತಾರೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವವಳು ಅವ್ವ ಒಬ್ಬಳೇ. ಧಾರವಾಡದಿಂದ ಬಂದು ಆರು ವರ್ಷವಾದರೂ ಅಡುಗೆಮನೆಯನ್ನು ಸೊಸೆಗೆ ಪೂರ್ತಿ ಬಿಟ್ಟುಕೊಡದ ಅವ್ವನಿಗೆ ಈಚೆಗೆ ಕಿವಿ ಮಂದವಾಗಿದೆ. ಕಿವಿಯ ಯಂತ್ರವಿದೆ, ಆದರೆ ಕುಕ್ಕರಿನ ಸೀಟಿ ಅದರೊಳಗಿಂದ ತಲೆಗೇ ಬಡಿಯುತ್ತದೆಂದು ಒಲೆಯ ಮುಂದೆ ನಿಂತಾಗ ಅದನ್ನು ತೆಗೆದಿಡುತ್ತಾಳೆ. ಗ್ಯಾಸ್ ಸಿಲಿಂಡರಿನವನು ಎರಡು ಸಲ ಬಂದು ಹಿಂದಿರುಗಿದ ಮೇಲೆ ನಾನು ಮಾತೆತ್ತಿದೆ. "ನಾ ಏನ್ ಕಿವುಡಿ ಅಲ್ಲೋ ತಮ್ಮಾ, ನಿಮ್ಮ ಗಂಟಿನ ಸಣ್ಣಗ ಬಾರಸತೈತಿ" ಎಂದಳು. ಗಂಟೆಯ ಸದ್ದನ್ನು ಹೆಚ್ಚಿಸುವುದಕ್ಕಿಂತ ಅದನ್ನು ಕಣ್ಣಿಗೆ ಕಾಣಿಸುವಂತೆ ಮಾಡುವುದೇ ಲೇಸೆಂದು ನನಗೆ ಆಗ ತೋರಿತು. ಬಾಗಿಲಿನಿಂದ ಅಡುಗೆಮನೆಯವರೆಗೆ ಗೋಡೆಗೆ ಮೂರು ಮೀಟರ್ ಎಲ್‌ಇಡಿ ಪಟ್ಟಿ ಅಂಟಿಸಿ, ಗಂಟೆ ಬಾರಿಸಿದಾಗ ಅದು ಬೆಳಗುವಂತೆ ಮಾಡಿದರೆ ಆಯಿತು. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷಗಳ ಹಿಂದೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಆಮೇಲೆ ಜೀವನವಿಡೀ ಲೆಕ್ಕಪತ್ರ ಬರೆದವನಿಗೆ ಇದು ಒಂದು ರವಿವಾರದ ಕೆಲಸವೆನಿಸಿತ್ತು. ಹಿಡಿದದ್ದು ಐದು ವಾರ.

ನಮ್ಮದು ತಂತಿಯಿಲ್ಲದ ಗಂಟೆ. ಬಾಗಿಲ ಹೊರಗೆ ಗುಂಡಿ, ಒಳಗೆ ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುವ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಹಾಡು ಬರುವಷ್ಟು ಹೊತ್ತು ಒಂದು ಕೆಂಪು ಎಲ್‌ಇಡಿ ಮಿಣುಕುತ್ತದೆ. ನನಗೆ ಬೇಕಾದ ಸಂಜ್ಞೆ ಅಲ್ಲೇ ಇತ್ತು. ಮುಚ್ಚಳ ಬಿಚ್ಚಿ, ಸೆಲ್ಲಿನ ಮೈನಸ್‌ಗೆ ಮಲ್ಟಿಮೀಟರಿನ ಕಪ್ಪು ಕಡ್ಡಿ ಹಿಡಿದು, ಎಲ್‌ಇಡಿಯ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಚಿಪ್ಪಿಗೆ ಸೇರುವ ಜಾಗಕ್ಕೆ ಕೆಂಪು ಕಡ್ಡಿ ತಾಗಿಸಿ, ಮಗಳಿಗೆ ಹೊರಗಿನ ಗುಂಡಿ ಒತ್ತಲು ಹೇಳಿದೆ. ಸುಮ್ಮನಿದ್ದಾಗ ಸೊನ್ನೆ, ಗಂಟೆ ಬಾರಿಸುವಾಗ ಮಿಣುಕಿದಷ್ಟು ಸಲ ಮೂರು ವೋಲ್ಟ್. ಎಲ್ಲ ಪೆಟ್ಟಿಗೆಗಳಲ್ಲಿಯೂ ಹೀಗಿರುವುದಿಲ್ಲ. ಕೆಲವದರಲ್ಲಿ ಎಲ್‌ಇಡಿಯ ಒಂದು ಕಾಲು ಸದಾ ಪ್ಲಸ್‌ಗೆ ಸೇರಿದ್ದು, ಚಿಪ್ಪು ಇನ್ನೊಂದು ಕಾಲನ್ನು ಕೆಳಗೆಳೆಯುತ್ತದೆ. ಆಗ ಲೆಕ್ಕವೆಲ್ಲ ತಿರುವುಮುರುವಾಗುತ್ತದೆ. ಆದ್ದರಿಂದ ಬೆಸುಗೆಯ ಕಡ್ಡಿ ಬಿಸಿ ಮಾಡುವ ಮೊದಲು ಅಳೆದು ನೋಡಬೇಕು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದು ಜೀವದ ವಿಷಯ. ಸೆಲ್ಲಿನ ಬದಲು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಗಂಟೆಗಳೂ ಇವೆ. ಅವುಗಳಲ್ಲಿ ಅಗ್ಗದವು ಎಷ್ಟೋ ಸಲ ಟ್ರಾನ್ಸ್‌ಫಾರ್ಮರ್ ಇಲ್ಲದೆ, ಒಂದು ಕೆಪ್ಯಾಸಿಟರಿನ ಮೂಲಕವೇ 230 ವೋಲ್ಟನ್ನು ತಗ್ಗಿಸಿಕೊಳ್ಳುತ್ತವೆ. ಮೀಟರು ಅದರೊಳಗೆ ಮೂರು ವೋಲ್ಟ್ ತೋರಿಸಿದರೂ ಆ ಬೋರ್ಡಿನ ಪ್ರತಿಯೊಂದು ಬಿಂದುವೂ ಮನೆಯ ಕರೆಂಟಿನ ತಂತಿಗೆ ನೇರವಾಗಿ ಸೇರಿರುತ್ತದೆ. ಅಲ್ಲಿಂದ ತಂತಿ ಎಳೆದರೆ ನಿಮ್ಮ ಹನ್ನೆರಡು ವೋಲ್ಟಿನ ಪಟ್ಟಿಯೂ ಮುಟ್ಟಬಾರದ ವಸ್ತುವಾಗುತ್ತದೆ. ಪಿಸಿ 817ರಂಥ ಆಪ್ಟೋಕಪ್ಲರ್ ನಡುವೆ ಇಟ್ಟು, ಒಳಗಿನ ಸಣ್ಣ ಬೆಳಕಿನಿಂದಲೇ ಸಂಜ್ಞೆ ದಾಟಿಸಿ, ಎರಡೂ ಕಡೆಗಳನ್ನು ಬೇರ್ಪಡಿಸಬಹುದು. ಆದರೂ ಅಂಥ ಪೆಟ್ಟಿಗೆಯನ್ನು ಬಿಚ್ಚುವ ಗೋಜಿಗೆ ಹೋಗದೆ ಸೆಲ್ಲಿನದನ್ನೇ ಕೊಳ್ಳುವುದು ಜಾಣತನ.

ಈಗ ಕೆಲಸದ ಅಳತೆ ನೋಡೋಣ. ನಾನು ತಂದ ಪಟ್ಟಿ ಮೀಟರಿಗೆ 4.8 ವ್ಯಾಟ್‌ನದು. ಮೂರು ಮೀಟರಿಗೆ 14.4 ವ್ಯಾಟ್, ಅಂದರೆ ಹನ್ನೆರಡು ವೋಲ್ಟಿನಲ್ಲಿ 1.2 ಆಂಪಿಯರ್. ಗಂಟೆಯ ಚಿಪ್ಪು ಮೂರು ವೋಲ್ಟಿನಲ್ಲಿ ಕೆಲವೇ ಮಿಲಿ ಆಂಪಿಯರ್ ಕೊಡಬಲ್ಲದು. ಕೆರೆಯ ತೂಬು ಎತ್ತುವ ನೀರುಗಂಟಿಯ ತೋಳಿನ ಬಲಕ್ಕೂ ಕಾಲುವೆಯಲ್ಲಿ ಹರಿಯುವ ನೀರಿನ ಬಲಕ್ಕೂ ಯಾವ ಸಂಬಂಧವೂ ಇಲ್ಲವಷ್ಟೆ. ಇಲ್ಲಿಯೂ ಮೂರು ವೋಲ್ಟಿನ ಕೆಲಸ ತೂಬು ಎತ್ತುವುದು ಮಾತ್ರ, ನೀರು ಹರಿಯಬೇಕಾದದ್ದು ಹನ್ನೆರಡು ವೋಲ್ಟಿನ ಅಡಾಪ್ಟರಿನಿಂದ. ಆದರೆ ತೂಬು ಅರ್ಧ ಎತ್ತಿದರೆ ಅರ್ಧ ನೀರು ಹರಿಯುತ್ತದೆ, ತೂಬಿಗೇನೂ ಆಗುವುದಿಲ್ಲ. ಸ್ವಿಚ್ಚಿನ ವಿಷಯ ಹಾಗಲ್ಲ ಎಂಬುದನ್ನು ನಾನು ಬೆರಳು ಸುಟ್ಟುಕೊಂಡು ಕಲಿತೆ.

ಮೊದಲು ಮಾಡಿದ್ದು ರಿಲೇ, ಅಂದರೆ ಸುರುಳಿಯಲ್ಲಿ ಕರೆಂಟು ಹರಿದಾಗ ಅಯಸ್ಕಾಂತದಂತೆ ಎಳೆದು ಇನ್ನೊಂದು ತಂತಿಯನ್ನು ಸೇರಿಸುವ ಸ್ವಿಚ್ಚು. ಅಟ್ಟದ ಮೇಲಿನ ಡಬ್ಬಿಯಲ್ಲಿ ಹನ್ನೆರಡು ವೋಲ್ಟಿನ ನೀಲಿ ರಿಲೇ ಒಂದು ಬಿದ್ದಿತ್ತು. ಅದರ ಸುರುಳಿ 400 ಓಮ್, ಹಾಗಾಗಿ ಎಳೆಯುವುದು 30 ಮಿಲಿ ಆಂಪಿಯರ್. ಇದನ್ನು ಬಿಸಿ 547 (BC547) ಎಂಬ ಟ್ರಾನ್ಸಿಸ್ಟರ್ ಸಲೀಸಾಗಿ ಹೊರುತ್ತದೆ, ಏಕೆಂದರೆ ಅದರ ಮಿತಿ 100 ಮಿಲಿ ಆಂಪಿಯರ್. (ಬಿ ಎಂದರೆ ಸಿಲಿಕಾನ್, ಸಿ ಎಂದರೆ ಕಡಿಮೆ ಶಕ್ತಿಯ ಆಡಿಯೊ ಬಗೆ. ಯುರೋಪಿನ ಹೆಸರಿಡುವ ಪದ್ಧತಿಯಲ್ಲಿ ಎ ಅಂದರೆ ಜರ್ಮೇನಿಯಮ್. ಡಿಪ್ಲೊಮಾದಲ್ಲಿ ಬಾಯಿಪಾಠ ಮಾಡಿದ್ದರಲ್ಲಿ ಇಷ್ಟಾದರೂ ಉಳಿದಿದೆಯಲ್ಲ!) ಪುಸ್ತಕದಲ್ಲಿ ಈ ಟ್ರಾನ್ಸಿಸ್ಟರಿನ ಗಳಿಕೆ (ಬೇಸ್ ಎಂಬ ಕಾಲಿಗೆ ಕೊಟ್ಟ ಕರೆಂಟಿನ ಎಷ್ಟು ಪಟ್ಟನ್ನು ಹರಿಯಬಿಡುತ್ತದೆ ಎಂಬುದು) 110ರಿಂದ 800ರವರೆಗೆ ಎಂದಿರುತ್ತದೆ. ಆದರೆ ಸ್ವಿಚ್ಚಾಗಿ ಬಳಸುವಾಗ ಆ ಅಂಕಿಯನ್ನು ನಂಬಿಕೊಂಡು ಕೂರಬಾರದು. ಹೊರೆಯ ಕರೆಂಟಿನ ಹತ್ತನೇ ಅಥವಾ ಹದಿನೈದನೇ ಒಂದು ಪಾಲನ್ನು ಬೇಸ್ ಕಾಲಿಗೆ ಉಣಿಸಿದರೆ ಮಾತ್ರ ಅದು ಪೂರ್ತಿ ತೆರೆದುಕೊಳ್ಳುತ್ತದೆ. ಮೂರು ವೋಲ್ಟಿನಲ್ಲಿ 0.7 ವೋಲ್ಟ್ ಬೇಸ್ ಮತ್ತು ಎಮಿಟರ್ ಎಂಬ ಕಾಲುಗಳ ನಡುವೆ ಹೋಗುತ್ತದೆ. ಉಳಿದ 2.3 ವೋಲ್ಟಿಗೆ ಒಂದು ಕಿಲೋ ಓಮ್ ರೆಸಿಸ್ಟರ್ ಇಟ್ಟರೆ 2.3 ಮಿಲಿ ಆಂಪಿಯರ್ ಬರುತ್ತದೆ, ಅಷ್ಟು ಸಾಕು.

ಲೆಕ್ಕ ಸರಿಯಿತ್ತು, ಆದರೆ ಜೋಡಿಸಿ ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ಗಂಟೆಯ ಸೆಲ್ಲಿನ ಮೈನಸ್ಸನ್ನು ಅಡಾಪ್ಟರಿನ ಮೈನಸ್ಸಿಗೆ ಸೇರಿಸಿಯೇ ಇರಲಿಲ್ಲ. ಹೋದ ಕರೆಂಟು ಹಿಂದಿರುಗಲು ದಾರಿ ಇಲ್ಲದಿದ್ದರೆ ಹೋಗುವುದೇ ಇಲ್ಲ. ಇದು ಮೊದಲ ವರ್ಷದ ಹುಡುಗನಿಗೂ ಗೊತ್ತಿರುವ ಸಂಗತಿ. ಆ ತಂತಿ ಸೇರಿಸಿದೊಡನೆ ರಿಲೇ ಕಚ್ಚಿತು, ಪಟ್ಟಿ ಝಗ್ಗೆಂದು ಬೆಳಗಿತು, ಮಗಳು ಚಪ್ಪಾಳೆ ತಟ್ಟಿದಳು. ಹತ್ತನೆಯದೋ ಹನ್ನೆರಡನೆಯದೋ ಸಲಕ್ಕೆ ರಿಲೇ ಕಚ್ಚಿದ್ದು ಬಿಡಲೇ ಇಲ್ಲ. ಟ್ರಾನ್ಸಿಸ್ಟರ್ ಸತ್ತು ಶಾರ್ಟ್ ಆಗಿ ನಿಂತಿತ್ತು.

ಕೊಂದದ್ದು ಹಾಕುವ ಕ್ಷಣವಲ್ಲ, ಆರಿಸುವ ಕ್ಷಣ. ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟನ್ನು ಥಟ್ಟನೆ ತಡೆದರೆ ಅದು ನಿಲ್ಲಲೊಪ್ಪದೆ, ಹರಿಯುತ್ತಲೇ ಇರಲು ಬೇಕಾದಷ್ಟು ವೋಲ್ಟೇಜನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಹನ್ನೆರಡು ವೋಲ್ಟಿನ ರಿಲೇಯಿಂದಲೂ ನೂರಕ್ಕೆ ಮೀರಿದ ವೋಲ್ಟು ಒಂದು ಕ್ಷಣ ಏಳಬಹುದು, ಬಿಸಿ 547 ತಡೆಯುವುದು 45 ವೋಲ್ಟ್ ಮಾತ್ರ. ಪರಿಹಾರವಾಗಿ ಸುರುಳಿಯ ಎರಡು ತುದಿಗಳ ನಡುವೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್ 4007 ಡಯೋಡನ್ನು, ಅದರ ಬಿಳಿ ಪಟ್ಟೆ ಪ್ಲಸ್ ಕಡೆಗಿರುವಂತೆ, ಅಡ್ಡ ಹಾಕಬೇಕು. ಆಗ ಆ ಕರೆಂಟು ಸುರುಳಿ ಮತ್ತು ಡಯೋಡಿನೊಳಗೇ ಸುತ್ತಿ ಸುತ್ತಿ ತಣ್ಣಗಾಗುತ್ತದೆ. ರೂಪಾಯಿ ಎರಡು ರೂಪಾಯಿಯ ವಸ್ತು. ಅಟ್ಟದ ಡಬ್ಬಿಯಲ್ಲಿ ಅದೂ ಇತ್ತು, ಹಾಕುವ ಸೋಮಾರಿತನವಷ್ಟೇ ನನ್ನದು.

ಡಯೋಡ್ ಹಾಕಿದ ಮೇಲೆ ಎಲ್ಲ ನೆಟ್ಟಗೆ ನಡೆಯಿತು. ಆದರೆ ಕೆಂಪು ಎಲ್‌ಇಡಿ ಮಿಣುಕಿದಷ್ಟು ಸಲವೂ ರಿಲೇ ಟಕ್ ಟಕ್ ಎನ್ನತೊಡಗಿತು. ಅವ್ವನಿಗೆ ಕೇಳಿಸದ ಆ ಸದ್ದು ಉಳಿದವರಿಗೆಲ್ಲ ಚೆನ್ನಾಗಿ ಕೇಳಿಸಿತು. "ಗೋಡೆಯೊಳಗೆ ಹಲ್ಲಿ ಸಾಕಿದ್ದೀರಾ?" ಎಂದು ಹೆಂಡತಿ ಕೇಳಿದ ಮೇಲೆ, ಮಾಸ್‌ಫೆಟ್ ಎಂಬ ಸದ್ದಿಲ್ಲದ ಟ್ರಾನ್ಸಿಸ್ಟರ್ ಸ್ವಿಚ್ಚನ್ನು ತರಲು ನಿರ್ಧರಿಸಿದೆ.

ಮುಂಬಯಿಯಲ್ಲಿ ಇಂಥ ಸಾಮಾನಿಗೆ ಲ್ಯಾಮಿಂಗ್ಟನ್ ರಸ್ತೆಗೇ ಹೋಗಬೇಕು. ಹಲಗೆಯ ಮೇಲೆ ಡಾ. ಭಡ್ಕಮ್‌ಕರ್ ಮಾರ್ಗವೆಂದಿದ್ದರೂ ಆ ಹೆಸರು ಹೇಳಿದರೆ ಟ್ಯಾಕ್ಸಿಯವನು ಒಮ್ಮೆ ಯೋಚಿಸುತ್ತಾನೆ. ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಸಿಗುವ ಆ ಬೀದಿಯಲ್ಲಿ, ಇಬ್ಬರು ಎದುರುಬದುರು ನಿಲ್ಲಲಾಗದ ಅಂಗಡಿಗಳ ಗೋಡೆ ತುಂಬ ಬೆಂಕಿಪೆಟ್ಟಿಗೆಯಷ್ಟಗಲದ ಪ್ಲಾಸ್ಟಿಕ್ ಗೂಡುಗಳಿವೆ. ನಾನು ಚೀಟಿಯಲ್ಲಿ ಐಆರ್‌ಎಲ್‌ಝಡ್ 44ಎನ್ ಎಂದು ಬರೆದುಕೊಂಡು ಹೋಗಿದ್ದೆ. ಶನಿವಾರ ಸಂಜೆಯ ನೂಕುನುಗ್ಗಲಿನಲ್ಲಿ ಚೀಟಿ ತೋರಿಸದೆ "ಝಡ್ ಫಾರ್ಟಿಫೋರ್" ಎಂದು ಕೂಗಿದೆ. ಗೂಡಿನಿಂದ ಬಂದದ್ದು ಐಆರ್‌ಎಫ್‌ಝಡ್ 44ಎನ್. ಕಪ್ಪು ಮೈ, ಮೂರು ಕಾಲು, ಮೇಲೆ ತಗಡಿನ ಕಿವಿ, ಎರಡಕ್ಕೂ ಒಂದೇ ರೂಪ. ಒಂದೇ ಅಕ್ಷರದ ವ್ಯತ್ಯಾಸ ಮನೆಗೆ ಬಂದು ಕನ್ನಡಕ ಹಾಕಿಕೊಂಡಾಗ ಕಂಡಿತು, ಕಂಡರೂ ಏನು ಮಹಾ ಎಂದು ಜೋಡಿಸಿದೆ.

ಆ ಎಲ್ ಎಂಬ ಅಕ್ಷರದಲ್ಲಿಯೇ ಎಲ್ಲವೂ ಇದೆ. ಮಾಸ್‌ಫೆಟ್ಟಿನ ಗೇಟಿಗೆ, ಅಂದರೆ ಆಜ್ಞೆ ಪಡೆಯುವ ಕಾಲಿಗೆ, ಕರೆಂಟು ಹರಿಯಬೇಕಿಲ್ಲ, ವೋಲ್ಟೇಜ್ ಸಾಕು. ಆದರೆ ಎಷ್ಟು ವೋಲ್ಟೇಜ್ ಎಂಬುದೇ ಪ್ರಶ್ನೆ. ಎಲ್ ಇರುವುದು ಒಂದರಿಂದ ಎರಡು ವೋಲ್ಟಿಗೆ ಕಣ್ಣು ಬಿಡತೊಡಗುತ್ತದೆ, ಎಫ್ ಇರುವುದು ಎರಡರಿಂದ ನಾಲ್ಕಕ್ಕೆ. ಕಣ್ಣು ಬಿಡತೊಡಗುವುದೆಂದರೆ ಪೂರ್ತಿ ಏಳುವುದಲ್ಲ. ಪೂರ್ತಿ ತೆರೆಯಲು ಎಫ್‌ಗೆ ಗೇಟಿನಲ್ಲಿ ಹತ್ತು ವೋಲ್ಟ್ ಬೇಕು. ನಾನು ಎರಡು ಪೆನ್ಸಿಲ್ ಸೆಲ್ಲುಗಳನ್ನು ನೇರವಾಗಿ ಗೇಟಿಗೆ ಹಿಡಿದಾಗ ಪಟ್ಟಿ ಕಂದೀಲಿನ ಹಾಗೆ ಮಂಕಾಗಿ ಬೆಳಗಿತು. ಮೀಟರ್ ಹಿಡಿದರೆ ಮಾಸ್‌ಫೆಟ್ಟಿನ ಉಳಿದ ಎರಡು ಕಾಲುಗಳ ನಡುವೆಯೇ ಎರಡೂವರೆ ವೋಲ್ಟ್ ಕೂತಿತ್ತು, ಹರಿಯುತ್ತಿದ್ದದ್ದು ಅರ್ಧ ಆಂಪಿಯರ್. ಎರಡರ ಗುಣಲಬ್ಧ 1.25 ವ್ಯಾಟ್. ಅದೆಲ್ಲವೂ ಆ ಕಪ್ಪು ಮೈಯಲ್ಲಿ ಶಾಖವಾಗುತ್ತಿತ್ತು. ಇದನ್ನು ಲೆಕ್ಕ ಹಾಕಿದ್ದು ತಗಡಿನ ಕಿವಿಯನ್ನು ಮುಟ್ಟಿ ಬೆರಳಿಗೆ ಬೊಬ್ಬೆ ಬಂದ ಮೇಲೆ. ಅದೇ ಮಾಸ್‌ಫೆಟ್ ಪೂರ್ತಿ ತೆರೆದಿದ್ದರೆ ಅದರ ತಡೆ 17.5 ಮಿಲಿ ಓಮ್. 1.2 ಆಂಪಿಯರ್ ಹರಿದರೂ ಹುಟ್ಟುವ ಶಾಖ 25 ಮಿಲಿ ವ್ಯಾಟ್ ಮಾತ್ರ. ಅಂದರೆ ಪೂರ್ತಿ ಬೆಳಕು ಕೊಡುವಾಗ ಆಗುವ ಶಾಖದ ಐವತ್ತು ಪಟ್ಟು ಶಾಖ ಅರೆಬೆಳಕಿನಲ್ಲಿ! ಪೂರ್ತಿ ಮುಚ್ಚಿದಾಗ ಕರೆಂಟಿಲ್ಲ, ಪೂರ್ತಿ ತೆರೆದಾಗ ವೋಲ್ಟೇಜ್ ಉಳಿಯುವುದಿಲ್ಲ, ಎರಡರಲ್ಲಿಯೂ ಗುಣಲಬ್ಧ ಸೊನ್ನೆಯ ಹತ್ತಿರ. ಸ್ವಿಚ್ಚನ್ನು ಸುಡುವುದು ನಡುವಿನ ಸ್ಥಿತಿ.

ಸೆಲ್ಲಿನ ತಂತಿ ತೆಗೆದಾಗ ಇನ್ನೊಂದು ತಮಾಷೆ ನಡೆಯಿತು. ಗೇಟಿಗೆ ಏನೂ ತಾಗಿರಲಿಲ್ಲ, ಆದರೂ ಪಟ್ಟಿ ಬೆಳಗುತ್ತಲೇ ಇತ್ತು. ಗೇಟು ಒಂದು ಪುಟ್ಟ ಕೆಪ್ಯಾಸಿಟರಿನಂತೆ ಸಿಕ್ಕ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿತ್ತು. ಬೆರಳು ತಾಗಿಸಿದರೆ ಆರಿತು, ಇನ್ನೊಮ್ಮೆ ತಾಗಿಸಿದರೆ ಮಿಣುಕಿತು. ಗೇಟಿನಿಂದ ಮೈನಸ್ಸಿಗೆ ಹತ್ತು ಕಿಲೋ ಓಮ್ ರೆಸಿಸ್ಟರ್ ಹಾಕಿದ ಮೇಲೆಯೇ, ಯಾರೂ ಹೇಳದಿದ್ದಾಗ ಆರಿರಬೇಕೆಂಬ ಶಿಸ್ತು ಅದಕ್ಕೆ ಬಂದದ್ದು.

ಮುಂದಿನ ಶನಿವಾರ ಚೀಟಿ ಮುಂದೆ ಹಿಡಿದು ಸರಿಯಾದ ಅಕ್ಷರದ್ದನ್ನು ತಂದೆ. ಬೆಳಕು ಪೂರ್ತಿ ಬಂತು, ಶಾಖವಿಲ್ಲ. ಆದರೆ ಪಟ್ಟಿ ಗಂಟೆಯ ಎಲ್‌ಇಡಿಯೊಡನೆ ಮಿಣುಕಿ, ಹಾಡು ಮುಗಿದೊಡನೆ ಆರಿಹೋಗುತ್ತಿತ್ತು. ಆ ಹೊತ್ತಿಗೆ ಅವ್ವ ಒಲೆಯ ಕಡೆ ಮುಖ ಮಾಡಿದ್ದರೆ ಅವಳಿಗೆ ಕಾಣಿಸುವುದೇ ಇಲ್ಲ. ಬೆಳಕು ಸ್ವಲ್ಪ ಹೊತ್ತು ನಿಲ್ಲಲೆಂದು ಗೇಟಿಗೆ ಒಂದು ಡಯೋಡಿನ ಮೂಲಕ ಹತ್ತು ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಜೋಡಿಸಿ, ಹತ್ತು ಕಿಲೋ ಓಮಿನ ಜಾಗದಲ್ಲಿ ಒಂದು ಮೆಗಾ ಓಮ್ ಹಾಕಿದೆ. ಬೆಳಕು ನಿಂತಿತು, ಬಳಿಕ ನಾಟಕದ ಕೊನೆಯ ದೃಶ್ಯದಂತೆ ಮೆಲ್ಲಮೆಲ್ಲನೆ ಮಂಕಾಗಿ ಆರಿತು. ನೋಡಲು ಬಲು ಚೆಂದ. ಆದರೆ ಆ ಮಂಕಾಗುವ ಮೂರು ನಾಲ್ಕು ಸೆಕೆಂಡು ಎಂದರೆ ಮತ್ತೆ ಅದೇ ನಡುವಿನ ಸ್ಥಿತಿ. ತಗಡಿನ ಕಿವಿ ಮುಟ್ಟಿದರೆ ಬೆಚ್ಚಗಿತ್ತು. ಮೂರು ಮೀಟರಿಗೆ ಅದು ತಾಳಿಕೊಂಡೀತು, ಆದರೆ ನಾಳೆ ಪಟ್ಟಿಯನ್ನು ಮಲಗುವ ಕೋಣೆಯವರೆಗೂ ಎಳೆದರೆ? ಚೆಂದಕ್ಕೆ ಮರುಳಾಗದೆ ಅದನ್ನು ಬಿಚ್ಚಿಟ್ಟೆ.

ಕೊನೆಗೆ ಮೊರೆಹೊಕ್ಕದ್ದು 555ಕ್ಕೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಹಾನ್ಸ್ ಕ್ಯಾಮೆನ್‌ಜಿಂಡ್ ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದ ಈ ಎಂಟು ಕಾಲಿನ ಟೈಮರ್ 1972ರಲ್ಲಿ ಮಾರುಕಟ್ಟೆಗೆ ಬಂತು, ಇಂದಿಗೂ ಪ್ರತಿ ಅಂಗಡಿಯ ಗೂಡಿನಲ್ಲಿದೆ. ಅದರೊಳಗೆ ಐದೈದು ಕಿಲೋ ಓಮಿನ ಮೂರು ರೆಸಿಸ್ಟರುಗಳು ಸಾಲಾಗಿ ನಿಂತು, ಕೊಟ್ಟ ವೋಲ್ಟೇಜನ್ನು ಮೂರು ಸಮಪಾಲು ಮಾಡುತ್ತವೆ. ಎರಡನೆಯ ಕಾಲಿನ ವೋಲ್ಟೇಜ್ ಮೂರನೇ ಒಂದು ಪಾಲಿಗಿಂತ ಕೆಳಗಿಳಿದರೆ ಮೂರನೆಯ ಕಾಲು ಥಟ್ಟನೆ ಮೇಲೇಳುತ್ತದೆ. ಹೊರಗಿನ ಕೆಪ್ಯಾಸಿಟರ್ ಮೂರನೇ ಎರಡು ಪಾಲಿನವರೆಗೆ ತುಂಬಿದೊಡನೆ ಅದು ಥಟ್ಟನೆ ಕೆಳಗಿಳಿಯುತ್ತದೆ. ಕೆಪ್ಯಾಸಿಟರ್ ನಿಧಾನವಾಗಿ ತುಂಬಿಕೊಳ್ಳಲಿ, ಹೊರಗೆ ಬರುವ ಆಜ್ಞೆ ಮಾತ್ರ ಯಾವಾಗಲೂ ಹೌದು ಅಥವಾ ಅಲ್ಲ. ನನಗೆ ಬೇಕಾಗಿದ್ದದ್ದು ಇದೇ. ಎಷ್ಟು ಹೊತ್ತು ಎಂಬುದಕ್ಕೆ ಲೆಕ್ಕ ಸುಲಭ: ರೆಸಿಸ್ಟರ್ ಗುಣಿಸು ಕೆಪ್ಯಾಸಿಟರ್ ಗುಣಿಸು 1.1. ನೂರು ಕಿಲೋ ಓಮ್ ಮತ್ತು 220 ಮೈಕ್ರೋಫ್ಯಾರಡ್ ಹಾಕಿದರೆ ಇಪ್ಪತ್ನಾಲ್ಕು ಸೆಕೆಂಡು. ಗಡಿಯಾರ ಹಿಡಿದು ನೋಡಿದರೆ ಇಪ್ಪತ್ತೊಂಬತ್ತಾಯಿತು. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳು ಬರೆದ ಅಳತೆಗಿಂತ ನೂರಕ್ಕೆ ಇಪ್ಪತ್ತು ಆಚೀಚೆ ಇರುವುದು ರೂಢಿಯೇ.

ಸೊಗಸೆಂದರೆ ಹಳೆಯ ಸಾಮಾನೆಲ್ಲ ಇಲ್ಲಿ ಕೆಲಸಕ್ಕೆ ಬಂತು. ಹನ್ನೆರಡು ವೋಲ್ಟಿನಲ್ಲಿ ನಡೆಯುವ 555ರ ಎರಡನೆಯ ಕಾಲನ್ನು ನಾಲ್ಕು ವೋಲ್ಟಿಗಿಂತ ಕೆಳಗೆಳೆಯಬೇಕು. ಗಂಟೆಯ ಸಂಜ್ಞೆಯಾದರೋ ಸೊನ್ನೆಯಿಂದ ಮೂರಕ್ಕೆ ಮೇಲೇರುವಂಥದು. ನೇರವಾಗಿ ಜೋಡಿಸಿದರೆ ಮೂರು ವೋಲ್ಟೂ ನಾಲ್ಕಕ್ಕಿಂತ ಕಡಿಮೆಯೇ ಆದ್ದರಿಂದ ದೀಪ ಆರುವುದೇ ಇಲ್ಲ. ನಡುವೆ ಒಂದು ಬಿಸಿ 547 ಇಟ್ಟರೆ ತಿರುವೂ ಆಗುತ್ತದೆ, ಎಳೆತವೂ ಆಗುತ್ತದೆ. ಎರಡನೆಯ ಕಾಲನ್ನು ಹತ್ತು ಕಿಲೋ ಓಮ್ ಮೂಲಕ ಪ್ಲಸ್ಸಿಗೆ ಕಟ್ಟಿದ್ದೇನೆ. ಅದನ್ನು ಕೆಳಗೆಳೆಯಲು ಬೇಕಾದದ್ದು 1.2 ಮಿಲಿ ಆಂಪಿಯರ್ ಮಾತ್ರ, ಹಾಗಾಗಿ ಬೇಸಿನ ರೆಸಿಸ್ಟರನ್ನೂ ಹತ್ತು ಕಿಲೋ ಓಮಿಗೆ ಏರಿಸಿದೆ. ಈಗ ಗಂಟೆಯ ಪೆಟ್ಟಿಗೆಯಿಂದ ಹೋಗುವುದು ಕಾಲು ಮಿಲಿ ಆಂಪಿಯರಿಗೂ ಕಡಿಮೆ, ಸೆಲ್ಲುಗಳಿಗೆ ಅದು ಗೊತ್ತೇ ಆಗುವುದಿಲ್ಲ. ಬೇಸಿನಿಂದ ಮೈನಸ್ಸಿಗೆ ನೂರು ಕಿಲೋ ಓಮ್ ಇದೆ, ಗಂಟೆಯ ತಂತಿ ಕಳಚಿಬಿದ್ದರೂ ದೀಪ ತಾನಾಗಿ ಹೊತ್ತಿಕೊಳ್ಳಬಾರದೆಂದು. ಇನ್ನು 555ರ ಮೂರನೆಯ ಕಾಲಿನಿಂದ ಹೊರಬರುವುದು ಹತ್ತೂವರೆ ವೋಲ್ಟಿನ ಆಸುಪಾಸು. ಅಷ್ಟಿದ್ದರೆ ಎಲ್ ಇಲ್ಲದ ಆ ಹಳೆಯ ಎಫ್ ಮಾಸ್‌ಫೆಟ್ಟೇ ಪೂರ್ತಿ ತೆರೆದುಕೊಳ್ಳುತ್ತದೆ. ಬೆರಳು ಸುಟ್ಟಿದ್ದನ್ನೇ ಡಬ್ಬಿಯಿಂದ ತೆಗೆದು, ನಡುವೆ 220 ಓಮ್ ಇಟ್ಟು, ಗೇಟಿನಿಂದ ಮೈನಸ್ಸಿಗೆ ಮತ್ತೆ ಹತ್ತು ಕಿಲೋ ಓಮ್ ಹಾಕಿ ಕೂರಿಸಿದೆ. ಅರ್ಧ ಗಂಟೆ ಸತತವಾಗಿ ಉರಿಸಿ ಮುಟ್ಟಿ ನೋಡಿದೆ, ತಣ್ಣಗಿತ್ತು.

ಝೀರೋ ಪಿಸಿಬಿ ಎಂಬ ತೂತುಗಳ ಹಲಗೆಯ ಮೇಲೆ ಬೆಸುಗೆ ಹಾಕುವಾಗ ಒಂದೇ ಒಂದು ಎಡವಟ್ಟಾಯಿತು. ಹಳೆಯ ನೋಟ್‌ಬುಕ್ಕಿನಲ್ಲಿದ್ದ 2ಎನ್ 3904ರ ಚಿತ್ರ ನೋಡಿ ಬಿಸಿ 547ನ್ನು ಕೂರಿಸಿದ್ದೆ. ಎರಡರ ಕಾಲುಗಳೂ ಕನ್ನಡಿಯ ಬಿಂಬದಂತೆ ತಿರುವುಮುರುವು. ಚಪ್ಪಟೆ ಮೈ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಬಿಸಿ 547ರಲ್ಲಿ ಎಡದ್ದು ಕಲೆಕ್ಟರ್, ನಡುವಿನದು ಬೇಸ್, ಬಲದ್ದು ಎಮಿಟರ್. ಹೊಸದೊಂದನ್ನು ಸರಿಯಾಗಿ ಕೂರಿಸಿದೆ. 555ನ್ನು ಮಾತ್ರ ಐಸಿ ಬೇಸಿನಲ್ಲಿ (ಚಿಪ್ಪನ್ನು ಬೆಸುಗೆಯಿಲ್ಲದೆ ಕೂರಿಸುವ ಗೂಡಿನಲ್ಲಿ) ಸಿಕ್ಕಿಸಿದ್ದರಿಂದ ಅದಕ್ಕೆ ನನ್ನ ಕಾಯಿಸುವಿಕೆಯ ಶಿಕ್ಷೆ ತಗಲಲಿಲ್ಲ.

ಗೋಡೆಗೆ ಹಾಕಿದ ಮರುವಾರ ಮಧ್ಯರಾತ್ರಿ ಕರೆಂಟು ಹೋಗಿ ಬಂದಾಗ ಮನೆಯೆಲ್ಲ ಬೆಳಗಿ, ಅವ್ವ ಎದ್ದು ಬಾಗಿಲು ತೆರೆದು ಖಾಲಿ ಮೆಟ್ಟಿಲನ್ನು ನೋಡುತ್ತ ನಿಂತಿದ್ದಳು. ವಿದ್ಯುತ್ ಬಂದ ಕ್ಷಣದಲ್ಲಿ 555 ತಾನಾಗಿಯೇ ಒಮ್ಮೆ ಎದ್ದುಬಿಡುವುದುಂಟು. ನಾಲ್ಕನೆಯ ಕಾಲನ್ನು ನೇರವಾಗಿ ಪ್ಲಸ್ಸಿಗೆ ಕಟ್ಟುವ ಬದಲು ಹತ್ತು ಕಿಲೋ ಓಮ್ ಮೂಲಕ ಕಟ್ಟಿ, ಅಲ್ಲಿಂದ ಮೈನಸ್ಸಿಗೆ 47 ಮೈಕ್ರೋಫ್ಯಾರಡ್ ಇಟ್ಟೆ. ವಿದ್ಯುತ್ ಬಂದ ಮೊದಲ ಗಳಿಗೆಯಲ್ಲಿ ಆ ಕಾಲು ಕೆಳಗೇ ಉಳಿದು ಚಿಪ್ಪನ್ನು ಸುಮ್ಮನಿರಿಸುತ್ತದೆ. ಆಮೇಲೆ ಪ್ಲಗ್ಗನ್ನು ಇಪ್ಪತ್ತು ಸಲ ತೆಗೆದು ಹಾಕಿ ನೋಡಿದೆ, ಒಮ್ಮೆಯೂ ಹೊತ್ತಲಿಲ್ಲ.

ಸಿಲಿಂಡರಿನವನು ಈ ತಿಂಗಳು ಮೊದಲ ಗಂಟೆಗೇ ಒಳಗೆ ಬಂದ. ಸಂಜೆ ಬಂದು ಹೇಗಿದೆಯೆಂದು ಕೇಳಿದರೆ ಅವ್ವ, "ಬೆಳಕೇನ ಛಲೋ ಐತಿ, ಆದ್ರ ಒಲಿ ಸಣ್ಣ ಮಾಡಿ, ಕೈ ತೊಳಕೊಂಡು, ಸೆರಗ ಸರಿ ಮಾಡ್ಕೊಂಡು ಬರೂದ್ರಾಗ ಆರಿ ಹೋಗತೈತಿ. ಬಂದಾವ ಹ್ವಾದನೋ ಇದ್ದಾನೋ ಹೆಂಗ್ ತಿಳೀಬೇಕು?" ಎಂದಳು. ನೂರು ಕಿಲೋ ಓಮ್ ತೆಗೆದು 220 ಕಿಲೋ ಓಮ್ ಹಾಕಿದೆ. ಲೆಕ್ಕಕ್ಕೆ ಐವತ್ಮೂರು ಸೆಕೆಂಡು, ಗಡಿಯಾರದಲ್ಲಿ ಒಂದು ನಿಮಿಷದ ಮೇಲೆ ಮೂರು ಸೆಕೆಂಡು.